ಭಜನೆ ಮನೆಗೆ ಬ್ಲೀಚಿಂಗ್ ಪೌಡರ್

ಲಾಕ್‌ಡೌನ್ ಸಡಿಲವಾಗಿ, ಇಪ್ಪತ್ತು ಜನದೊಳಗೆ ಭಜನೆ ಮಾಡಬಹುದು ಎಂದಾಗ ಸುರಕ್ಷತೆಯ ಹೊಣೆಯನ್ನು ನಾನೇ ಮೇಲೆ ಬಿದ್ದು ಹೊತ್ತುಕೊಂಡೆ. ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವನಿಗೆ ರೋಗ ತಡೆಯುವುದನ್ನು ಯಾರಾದರೂ ಕಲಿಸಬೇಕೆ? ಕೈಕಾಲು ತೊಳೆಯದೆ ಹುಳುಮನೆಗೆ ಕಾಲಿಡುವಂತಿಲ್ಲ ಎಂಬ ಕಾನೂನು ನಮ್ಮಲ್ಲಿ ಕೊರೊನಾಗಿಂತ ಹಳೆಯದು.

ಇಷ್ಟು ಮುತುವರ್ಜಿ ವೆಂಕಟಮ್ಮತ್ತೆಗಾಗಿ. ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುವವರು ಅವರು. ತಾಳ ಹಾಕುತ್ತಿದ್ದ ಮಾವ ಆ ರೋಗದಲ್ಲೇ ಹೋದರು. ಮಣ್ಣು ಮಾಡಲು ನಾಲ್ಕು ಜನಕ್ಕಷ್ಟೇ ಅನುಮತಿ. ಒಂದು ಪದ ಹಾಡಿ ಕಳಿಸಲೂ ನಮ್ಮಿಂದ ಆಗಲಿಲ್ಲ. ಅಂದಿನಿಂದ ಅತ್ತೆ ಹಾಡಿರಲಿಲ್ಲ. "ಶನಿವಾರ ಬರ್ತೀನಿ, ಅವರಿಗೆ ಇಷ್ಟವಾದ ಪದ ಹಾಡ್ತೀನಿ" ಎಂದು ತಾವಾಗಿಯೇ ಹೇಳಿ ಕಳಿಸಿದ್ದರು. ಅವರಿಗೆ ಏನೂ ಆಗಬಾರದು ಎಂಬುದೊಂದೇ ನನ್ನ ಚಿಂತೆ.

ಗೋಡೆಗೆ ನಿಯಮ ಬರೆದು ಅಂಟಿಸಿದೆ. ಮಾಸ್ಕ್ ಕಡ್ಡಾಯ. ನಾಲ್ಕು ಮೊಳ ಅಂತರ. ಕೆಮ್ಮಿದವರು, ಯಾರೇ ಆಗಿರಲಿ, ತಕ್ಷಣ ಹೊರಗೆ. 'ಯಾರೇ ಆಗಿರಲಿ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಹುಳುಮನೆಗೆ ಹಾಕುವಂತೆ ಭಜನೆ ಮನೆಗೆ ಬ್ಲೀಚಿಂಗ್ ಪೌಡರ್, ಸುಣ್ಣ ಎರಡನ್ನೂ ಧಾರಾಳವಾಗಿ ಎರಚಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದೆ.

ಸಂಜೆ ಬಾಗಿಲು ತೆಗೆದು ಎಲ್ಲರನ್ನೂ ಅಳತೆ ಪ್ರಕಾರ ಕೂರಿಸಿದೆ. ಹಾರ್ಮೋನಿಯಂ ಕೃಷ್ಣಪ್ಪ ಮೊದಲು ಕೆಮ್ಮಿದ. ನಿಯಮ ತೋರಿಸಿದೆ. ಎದ್ದು ಹೋದ. ಅವನ ಪಕ್ಕದವರು ಕೆಮ್ಮಿದರು, ಹಿಂದಿನ ಸಾಲು ಪೂರ್ತಿ ಕೆಮ್ಮಿತು. ಹತ್ತೇ ನಿಮಿಷದಲ್ಲಿ ನಮ್ಮ ಜನಸಂಖ್ಯೆ ಸರ್ಕಾರದ ಮಿತಿಗಿಂತ ಬಹಳ ಕೆಳಗಿಳಿದು, ನಾನು ಮತ್ತು ಅತ್ತೆ ಉಳಿದೆವು!

ಅತ್ತೆ ಹಾಡಲು ಬಾಯಿ ತೆರೆದರು. ಕೆಮ್ಮಿದರು. ಅವರನ್ನು ಹೊರಗೆ ಕಳಿಸುವುದು ಹೇಗೆಂದು ನನಗೆ ಸಂಕಟವಾಯಿತು. ಅಷ್ಟರಲ್ಲಿ ನಾನೇ ಕೆಮ್ಮಿದೆ.

"ಏಮಪ್ಪಾ ಸೀನಪ್ಪ, ಗೋಡೆ ಮೇಲೆ ಏನೋ ಬರ್ದಿದ್ದೀಯಲ್ಲ. ನಡಿ ಹೊರಗೆ" ಎಂದರು ಅತ್ತೆ.

ಹೊರಗೆ ನನ್ನ ಹೆಂಡತಿ ನಾಗರತ್ನ ನೀರಿನ ಚೊಂಬು ಹಿಡಿದು ನಿಂತಿದ್ದಳು. "ರೀ, ಹುಳ ತರೋಕೆ ಮುಂಚೆ ಪೌಡರ್ ಹಾಕಿ, ಆಮೇಲೆ ಬಾಗ್ಲು ತೆಗೆದು ಒಂದಿನ ಪೂರ್ತಿ ಗಾಳಿ ಆಡಿಸ್ತೀನಿ. ನೀವು ಯಾವತ್ತಾದ್ರೂ ಆ ಕೆಲಸ ಮಾಡಿದ್ರೆ ತಾನೆ ಗೊತ್ತಾಗೋದು?"

ನಿಜ. ನಾನು ಗೂಡನ್ನು ಮಾರುಕಟ್ಟೆಗೆ ಒಯ್ಯುವ ರೇಷ್ಮೆ ತಜ್ಞ.

ಆದರೆ ಯಾರೂ ಮನೆಗೆ ಹೋಗಿರಲಿಲ್ಲ. ಬೀದಿಯ ಎರಡೂ ಕಡೆ, ಜಗಲಿಗೊಬ್ಬರಂತೆ ಕೂತಿದ್ದರು. ನಾನು ಅಳೆದಿದ್ದಕ್ಕಿಂತ ಹೆಚ್ಚೇ ಅಂತರವಿತ್ತು. ಅತ್ತೆ ನೀರು ಕುಡಿದು, ಬೇವಿನ ಮರದ ಕಟ್ಟೆಯ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿದರು. ಒಳಗೆ ಮಾವನ ತಾಳ ಇತ್ತು.

"ಕೆಮ್ಮೋನಿಗೆ ಹಾಡಕ್ಕಾಗಲ್ಲ. ತಗೋಪ್ಪ, ನೀನು ತಾಳ ಹಾಕು."

ಅತ್ತೆ ಮಾವನ ಪದ ಎತ್ತಿಕೊಂಡರು. ಇಡೀ ಬೀದಿ ದನಿಗೂಡಿಸಿತು. ನಾನು ಮೊದಲ ಸಾಲಿಗೇ ತಾಳ ತಪ್ಪಿದೆ. ಕಣ್ಣು ಒರೆಸಿಕೊಳ್ಳುವುದನ್ನು ನಾಗರತ್ನ ನೋಡಿಬಿಟ್ಟಳು.

"ಬ್ಲೀಚಿಂಗ್ ಪೌಡರ್ ಕಣೇ" ಎಂದೆ.

"ಹೂಂ, ನನ್ನ ಕಣ್ಣಿಗೂ ಸ್ವಲ್ಪ ಬಿದ್ದಿದೆ. ತಾಳ ನೋಡ್ಕೊಂಡು ಹಾಕಿ" ಎಂದಳು.