ಕೊಂದವನ ಮನೆಯ ಮಿರ್ಚಿ ಬಜಿ

ಒಂದು ಒಗಟು ಹೇಳುತ್ತೇನೆ, ಒಡೆಯಿರಿ ನೋಡೋಣ. ಸತ್ತವನೊಬ್ಬ ಕೊಂದವನ ಮನೆಗೇ ಊಟಕ್ಕೆ ಬಂದ. ಬಾಯಿ ಬಿಟ್ಟರೆ ಪರೀಕ್ಷೆ ಹೋಗುತ್ತದೆ, ಬಿಡದಿದ್ದರೆ ಹೊಟ್ಟೆ ಒಡೆಯುತ್ತದೆ. ಯಾರವನು?

ಬರಲಿಲ್ಲ ತಾನೆ? ಬೇಜಾರಾಗಬೇಡಿ. ಕಣ್ಣಾರೆ ಕಂಡ ಮಂದಿಗೇ ಇನ್ನೂ ಪೂರ್ತಿ ತಿಳಿದಿಲ್ಲ.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತೇನೆ. ಓದುತ್ತೇನೆ ಅನ್ನುವುದು ನಮ್ಮವ್ವ ಬೀಗರ ಮುಂದೆ ಹೇಳುವ ಮಾತು. ನನ್ನ ಹಾಜರಿ ಕ್ಲಾಸಿಗಿಂತ ಮಸ್ಕಿ ಬಸ್ಸಿನಲ್ಲೇ ಹೆಚ್ಚು. ಇಂಥವನ ಕೈಗೆ ಒಂದು ಹಳೆಯ ಇಂಗ್ಲಿಷ್ ದುರಂತ ನಾಟಕ ಕೊಟ್ಟರೆ ಏನೇನು ಆಗಬಾರದೋ ಅದೆಲ್ಲ ಆಗುತ್ತದೆ. ಆಗಿದೆ. ಆಗುತ್ತಲೇ ಇದೆ.

ಸೇರು ಜೋಳ

ನಮ್ಮ ಇಂಗ್ಲಿಷ್ ಸರ್ ಮೈಸೂರು ಕಡೆಯವರು. ಸಣ್ಣ ದನಿ, ಇಸ್ತ್ರಿ ಅಂಗಿ. ನಾಟಕದ ಕತೆಯನ್ನು ಅವರು ಕಣ್ಣು ಮುಚ್ಚಿಕೊಂಡು ಹೇಳಿದರು. ಒಬ್ಬ ಸೇನಾಪತಿ ಯುದ್ಧ ಗೆದ್ದು ಬರುವಾಗ ಬಯಲಿನಲ್ಲಿ ಮೂವರು ಹೆಂಗಸರು ಅಡ್ಡ ನಿಂತು "ನೀನು ರಾಜನಾಗುತ್ತೀ" ಅನ್ನುತ್ತಾರೆ. ಮನೆಗೆ ಬಂದರೆ ಹೆಂಡತಿ "ಆಗು ಮತ್ತೆ" ಅನ್ನುತ್ತಾಳೆ. ಅವನು ತನ್ನ ಮನೆಗೇ ಬಂದು ಮಲಗಿದ ರಾಜನನ್ನು ಕೊಲ್ಲುತ್ತಾನೆ, ಆಮೇಲೆ ಜೀವದ ಗೆಳೆಯನನ್ನೂ ಕೊಲ್ಲಿಸುತ್ತಾನೆ. ಸಿಂಹಾಸನ ಸಿಗುತ್ತದೆ, ನಿದ್ದೆ ಹೋಗುತ್ತದೆ.

"ಇಲ್ಲಿ ನಾವು ಗಮನಿಸಬೇಕಾದದ್ದು ಏನು?" ಎಂದು ಸರ್ ಕಣ್ಣು ತೆರೆದರು.

ಸಾಲಗುಂದದ ಹುಡುಗನೊಬ್ಬ ಎದ್ದು ನಿಂತ. "ಸರ, ಆ ಮೂರು ಮಂದಿ ಹೆಣ್ಮಕ್ಕಳಿಗೆ ಇವ ಏನು ಕೊಟ್ಟಾನ್ರೀ?"

"ಏನೂ ಕೊಡಲಿಲ್ಲಪ್ಪ."

"ಒಂದ್ ಸೇರು ಜ್ವಾಳನೂ ಕೊಟ್ಟಿಲ್ಲೇನ್ರೀ?"

"ಇಲ್ಲ."

"ಹಳೇ ಸೀರಿ?"

"ಅದೆಲ್ಲ ಪುಸ್ತಕದಲ್ಲಿ ಇಲ್ಲ ಕಣಯ್ಯಾ."

ಹುಡುಗ ಕ್ಲಾಸಿನ ಕಡೆ ತಿರುಗಿದ. "ಮತ್ತ? ಶಕುನ ಹೇಳೋರಿಗೆ ಜ್ವಾಳ ಹಾಕದಿದ್ರ ಅರ್ಧಾನ ಹೇಳಿ ಹೋಗ್ತಾರ. ರಾಜ ಆಗ್ತೀ ಅಂದ್ರು, ಮುಂದಿಂದು ಜೋಳಿಗ್ಯಾಗ ಇಟ್ಕೊಂಡು ಹೋದ್ರು. ಇದರಾಗ ತಪ್ಪು ಅವನ ಆಸೇದಲ್ರೀ ಸರ, ಜಿಪುಣತನದ್ದು."

ಇಡೀ ಕ್ಲಾಸು ಹೌದೌದು ಅಂತು. ಸರ್ ಪುಸ್ತಕ ತೆಗೆದು, ಯಾರಿಗೂ ಕಾಣದ ಹಾಗೆ, ಆ ಪುಟವನ್ನು ಇನ್ನೊಮ್ಮೆ ಓದಿದರು.

ಮಾತಿಲ್ಲದ ಪಾತ್ರ

ಪಾಠದಿಂದ ಇವರಿಗೆ ತಿಳಿಯುವುದಿಲ್ಲ, ಆಡಿಸಿಯೇ ತಿಳಿಸಬೇಕು ಅಂತ ಸರ್ ತೀರ್ಮಾನಿಸಿದರು. ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ಗೆ ಇದೇ ನಾಟಕ, ಕನ್ನಡದಲ್ಲಿ. ಅದೇ ವಾರ ನೋಟಿಸ್ ಬೋರ್ಡಿನಲ್ಲಿ ಹಾಜರಿ ಕಡಿಮೆ ಇದ್ದವರ ಹೆಸರು ಬಿತ್ತು. ಮೊದಲ ಹೆಸರು ನನ್ನದು. ಹಾಜರಿ ಇಲ್ಲ ಅಂದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲ ಅಂದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲ ಅಂದರೆ ರೈಸ್ ಮಿಲ್ಲು. ಅಪ್ಪ ಆಗಲೇ ಅಲ್ಲಿನ ಹಮಾಲರ ಮುಕಾದಮನ ಹತ್ತಿರ ಮಾತಾಡಿ ಇಟ್ಟಿದ್ದ: "ಈ ಸಲ ಕೂಡಲಿಲ್ಲಂದ್ರ ಚೀಲ ಹೊರಾಕ ಕಳಸ್ತೀನಿ, ನೀ ಇವನ್ನ ಬಿಡಬ್ಯಾಡ."

ಸರ್ ನನ್ನನ್ನು ಪ್ರಿನ್ಸಿಪಾಲರ ಮುಂದೆ ಒಯ್ದು ನಿಲ್ಲಿಸಿದರು. "ಸಾರ್, ಇವನು ನಾಟಕಕ್ಕೆ ದುಡಿಯಲಿ. ಅದನ್ನೇ ಹಾಜರಿಗೆ ಹಿಡಿಯೋಣ."

ಪ್ರಿನ್ಸಿಪಾಲರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಸ್ಕೂಟರಿನ ಹಾರ್ನಿಗೆ ನಾನು ಹಿಂದೊಮ್ಮೆ ಸೀಟಿ ಜೋಡಿಸಿದ ವಿಷಯ ಅವರಿಗೆ ನೆನಪಿತ್ತು. "ಆತು. ಆದ್ರ ಇದು ದುಃಖದ ನಾಟಕ. ಇವನಿಂದ ಮಂದಿ ಒಮ್ಮೆ ನಕ್ರೂ ಹಾಲ್ ಟಿಕೆಟ್ ನನ್ನ ಟೇಬಲ್ ಡ್ರಾದಾಗೇ ಇರ್ತದ. ಯಾವ ಪಾರ್ಟು?"

"ಕೊಲೆಯಾದ ಗೆಳೆಯನದು ಸಾರ್. ಔತಣಕ್ಕೆ ದೆವ್ವವಾಗಿ ಬಂದು ಸುಮ್ಮನೆ ಕೂರುತ್ತಾನೆ. ಒಂದೂ ಮಾತಿಲ್ಲ. ಸತ್ತಿರುತ್ತಾನಲ್ಲ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವ ಸತ್ರೂ ಸುಮ್ನ ಕೂಡೋ ಮಗ ಅಲ್ರೀ."

ರಾಜ ಹಾಡದೆ ಸಾಯುವಂತಿಲ್ಲ

ನಮ್ಮ ಕಡೆ ನಾಟಕ ಅಂದರೆ ಮೊದಲು ಪೇಟಿ ಮಾಸ್ತರ್ ಬೇಕು, ಪಾತ್ರಧಾರಿಗಳು ಆಮೇಲೆ. ಮಸ್ಕಿಯಿಂದ ಒಬ್ಬ ಮಾಸ್ತರರನ್ನು ಕರೆತರುವ ಕೆಲಸ ನನ್ನದಾಯಿತು, ಬಸ್ಸು ನನಗೆ ಗೊತ್ತಲ್ಲ. ವಯಸ್ಸಾದವರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಮೊಮ್ಮಗನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಇಡೀ ನಾಟಕ ಓದಿಸಿ ಕೇಳಿ, "ರಾಜಂದು ಸಾಯೋ ಹಾಡು ಯಾವ ಧಾಟಿ?" ಅಂದರು.

ಸರ್, "ಹಾಡಿಲ್ಲ ಮಾಸ್ತರೇ, ನಿದ್ದೆಯಲ್ಲೇ ಕೊಲ್ಲುತ್ತಾರೆ" ಅಂದರು.

"ಇಷ್ಟು ವರ್ಷ ಪೇಟಿ ಬಾರ್ಸೀನ್ರೀ, ನನ್ನ ಕೈಯಾಗ ಒಬ್ಬ ರಾಜನೂ ಹಾಡದ ಸತ್ತಿಲ್ಲ."

"ಚೂರಿ ಹಾಕಿರುತ್ತಾರೆ, ಹೇಗೆ ಹಾಡುತ್ತಾನೆ?"

ಮಾಸ್ತರರು ಸಮಾಧಾನದಿಂದ ಎಲೆ ಅಡಿಕೆ ಮಡಚಿದರು. "ಚೂರಿ ಹೊಟ್ಟ್ಯಾಗೈತಿ. ಗಂಟಲದಾಗ ಇಲ್ಲಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು: ಚುಚ್ಚಿದ ಮೇಲೆ ಒಂದು ಹಾಡು, ಸಣ್ಣದು. ರಾಜನ ಪಾತ್ರ ಹಟ್ಟಿಯ ಹುಡುಗನಿಗೆ ಹೋಯಿತು. ಚಿನ್ನದ ಗಣಿಯ ಊರಿನವ, ಕಿರೀಟ ನೀನೇ ತಾ ಅಂತ ಎಲ್ಲರೂ ಅವನ ತಲೆಗೆ ಕಟ್ಟಿದೆವು. ಅವನು ಅಪ್ಪನ ಹಳೇ ಗಣಿ ಟೋಪಿಗೆ ಬಂಗಾರದ ಬಣ್ಣ ಬಳಿದು ತಂದ. ಮುಂದೆ ದೀಪ ಸಿಗಿಸುವ ಕೊಕ್ಕೆ ಹಾಗೇ ಇತ್ತು. ಮಾಸ್ತರರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಈ ರಾಜ ನೆಲದಾಗ ಇಳೀಲಿಕ್ಕೆ ತಯ್ಯಾರಾಗೇ ಬಂದಾನ" ಅಂದರು.

ತಣ್ಣೀರು

ರಾಣಿಯ ಪಾತ್ರ ಮುದಗಲ್‌ನಿಂದ ದಿನಾ ಬಸ್ಸಿಗೆ ಬರುವ ಹುಡುಗಿಯದು. ಕ್ಲಾಸಿಗೇ ಜಾಣೆ. ಕೊಲೆಯಾದ ಮೇಲೆ ರಾಣಿ ನಿದ್ದೆಗಣ್ಣಲ್ಲಿ ಎದ್ದು, ಕೈಗೆ ರಕ್ತ ಹತ್ತಿದೆ ಅಂತ ಒಂದೇ ಸಮನೆ ತೊಳೆಯಬೇಕು. ಅಲ್ಲಿ ರಕ್ತ ಇರುವುದಿಲ್ಲ, ಪಾಪಪ್ರಜ್ಞೆ ಇರುತ್ತದೆ. ಈ ಪಾಪಪ್ರಜ್ಞೆ ಅನ್ನುವುದನ್ನು ತಿಳಿಸುವುದರಲ್ಲಿ ಸರ್ ಅರ್ಧ ಸೊರಗಿದ್ದರು.

ವೇಷದ ಬಟ್ಟೆ ಬಾಡಿಗೆಗೆ ತರಲು ನಾವೆಲ್ಲ ಲಿಂಗಸುಗೂರಿಗೆ ಹೋದೆವು. ಹಿಂದಿನ ದಿನವಷ್ಟೇ ರಾಣಿಯ ಮಾಮೂನ ಮಗಳ ನಿಕಾಹ್ ಆಗಿತ್ತು. ಇವಳ ಅಂಗೈ, ಬೆರಳು, ಮುಂಗೈ ಎಲ್ಲ ಕಡುಗೆಂಪು ಮೆಹಂದಿ. ಅಂಗಡಿಯವನು ಬಟ್ಟೆ ಹುಡುಕುವಷ್ಟರಲ್ಲಿ ಸರ್, "ಅಲ್ಲೇ ಒಮ್ಮೆ ಮಾಡಮ್ಮ" ಅಂದರು. ಅವಳು ಬೀದಿ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಣ್ಣು ಎಲ್ಲೋ ಇಟ್ಟು, ಕೈ ತಿಕ್ಕತೊಡಗಿದಳು. ಮಾತಿಲ್ಲ, ಬರೀ ತಿಕ್ಕುವುದು. ನಮಗೆಲ್ಲ ಮೈ ಜುಮ್ಮೆಂದಿತು.

ಕೊಡ ಹಿಡಿದು ಸರತಿಯಲ್ಲಿದ್ದ ಒಬ್ಬಾಕೆ, "ಹೋಗಂಗಿಲ್ಲವ್ವ ಅದು, ಎಂಟು ದಿನ ಬೇಕು. ಸುಮ್ನ ಯಾಕ ನೀರು ಕೆಡಸ್ತಿ" ಅಂದಳು. ಹಿಂದಿದ್ದ ಬುರ್ಖಾದ ಮುದುಕಿ ಬಗ್ಗಿ, "ಕ್ಯಾ ಹೋ ಗಯಾ ಬೇಟಿ?" ಅಂತ ಕೇಳಿದಳು.

ರಾಣಿ ಪಾತ್ರದಿಂದ ಹೊರಗೆ ಬರಲೇ ಇಲ್ಲ. ಹಾಗೇ ತಿಕ್ಕುತ್ತ, "ಖೂನ್ ಹೈ, ಖಾಲಾ" ಅಂದಳು.

ಮುದುಕಿ ಬೆಚ್ಚಲಿಲ್ಲ, ಯಾರದು ಅಂತಲೂ ಕೇಳಲಿಲ್ಲ. "ಖೂನ್ ಹೈ ತೋ ಠಂಡೇ ಪಾನೀ ಸೇ ಧೋ. ಗರಮ್ ಪಾನೀ ನಕ್ಕೋ, ದಾಗ್ ಬೈಠ್ ಜಾತಾ." ರಕ್ತವಾದರೆ ತಣ್ಣೀರಲ್ಲಿ ತೊಳಿ, ಬಿಸಿನೀರು ಬೇಡ, ಕಲೆ ಕೂತುಬಿಡುತ್ತದೆ ಅಂತ. ಅಷ್ಟು ಹೇಳಿ, ತನ್ನ ಕೊಡವನ್ನು ಸರಿಸಿ ನಲ್ಲಿ ಬಿಟ್ಟುಕೊಟ್ಟಳು.

ಬಸ್ಸಿನಲ್ಲಿ ಬರುವಾಗ ಸರ್ ಮೆಲ್ಲಗೆ ನನ್ನನ್ನು ಕೇಳಿದರು, "ಆ ಅಜ್ಜಿ ಹೇಳಿದ್ದು ನಿಜವೇನೋ?" ಮನೆಯಲ್ಲಿ ಅವರದೊಂದು ಅಂಗಿಗೆ ಕಲೆ ಕೂತಿತ್ತಂತೆ, ಶೇವ್ ಮಾಡುವಾಗ.

ಹೆಣಕ್ಕೆ ಟವೆಲ್

ಗ್ಯಾದರಿಂಗ್ ದಿನ ಮಧ್ಯಾಹ್ನವೇ ಶಾಮಿಯಾನ ತುಂಬಿತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕಕ್ಕೆ ಹಟ್ಟಿ, ಮುದಗಲ್, ಸಾಲಗುಂದದ ಬಳಗ.

ರಾಜ ಮಲಗಿದ. ಸೇನಾಪತಿ, ಅಂದರೆ ಬಟ್ಟೆ ಅಂಗಡಿ ಸಾಹುಕಾರರ ಮಗ, ಚೂರಿ ಹಾಕಿದ. ರಾಜ ಎದ್ದು ಕೂತು ಹಾಡಿದ, ಮಲಗಿ ಸತ್ತ. ಅಲ್ಲಿಗೆ ಸ್ಟೇಜು ಕತ್ತಲಾಗಬೇಕಿತ್ತು. ಆದರೆ ನಮ್ಮ ಕಡೆ ನಾಟಕದಲ್ಲಿ ಪಾರ್ಟು ಚಲೋ ಮಾಡಿದವನಿಗೆ ನೆಂಟರು ಆಗಿಂದಾಗಲೇ ಸ್ಟೇಜಿಗೆ ಬಂದು ಆಯೇರಿ ಮಾಡುತ್ತಾರೆ, ಹಾರ ಹಾಕಿ ಟವೆಲ್ ಹೊದಿಸುತ್ತಾರೆ. ಹಟ್ಟಿಯ ಹುಡುಗನ ಸೋದರಮಾವ ಬಂದೇ ಬಿಟ್ಟ. "ಏಳಪಾ ಅಳಿಯಾ."

ಹೆಣ ಎದ್ದು ನಿಂತಿತು. ಹಾರ ಹಾಕಿಸಿಕೊಂಡಿತು. ಮಾವನ ಕಾಲು ಮುಟ್ಟಿ, ಮಂದಿಗೆ ಕೈ ಮುಗಿದು, ಟವೆಲ್ ಕೊಳೆಯಾಗದಂತೆ ಮಡಚಿ ತಲೆದಿಂಬಿನ ಹತ್ತಿರ ಇಟ್ಟು, ಮತ್ತೆ ಮಲಗಿ ಸತ್ತಿತು.

ಪರದೆ ಹಿಂದೆ ಸರ್ ತಲೆ ಹಿಡಿದುಕೊಂಡಿದ್ದರು. ನಾನು ಪ್ರಿನ್ಸಿಪಾಲರ ಮುಖ ನೋಡಿದೆ. ನಗಲಿಲ್ಲ. ಯಾರೂ ನಗಲಿಲ್ಲ. ಇದರಲ್ಲಿ ನಗುವಂಥದ್ದೇನು? ಸೇನಾಪತಿ ಮಾತ್ರ ಒಳಗೆ ಬಂದು ಗೊಣಗಿದ: "ಕೊಂದವ ನಾನು, ಟವೆಲ್ ಅವನಿಗೆ."

ಎಡೆ

ಆಮೇಲೆ ಔತಣದ ದೃಶ್ಯ. ಸೇನಾಪತಿ ಈಗ ರಾಜ. ನನ್ನನ್ನು ಕೊಲ್ಲಿಸಿ ಬಂದು ಊಟಕ್ಕೆ ನಿಂತಿದ್ದಾನೆ. ಮೇಜಿನ ಮೇಲೆ ನಿಜವಾದ ಮಿರ್ಚಿ ಬಜಿ, ಶೇಂಗಾ ಹೋಳಿಗೆ. ನಾನು ಮುಖಕ್ಕೆ ವಿಭೂತಿ ಬಳಿದುಕೊಂಡು ಬಂದು ಅವನ ಕುರ್ಚಿಯಲ್ಲಿ ಕೂತೆ. ಬಾಯಿ ಗಟ್ಟಿ ಮುಚ್ಚಿದ್ದೆ. ಮನಸ್ಸಿನಲ್ಲಿ ಹಾಲ್ ಟಿಕೆಟ್ ಒಂದೇ.

ಅವನು ಬೆಚ್ಚಿ, "ನಡೀ ಇಲ್ಲಿಂದ, ನನ್ನ ಕಣ್ಣ ಮುಂದ ನಿಲ್ಲಬ್ಯಾಡ" ಅಂದ. ಚೆನ್ನಾಗಿಯೇ ಅಂದ.

ಮುಂದಿನ ಸಾಲಿನಿಂದ ಸಾಲಗುಂದದ ಒಬ್ಬ ಅಜ್ಜಿಯ ದನಿ ಬಂತು. "ಏ ತಮ್ಮಾ, ಊಟಕ್ಕ ಕುಂತವನ್ನ ಎಬ್ಬಸ್ತಾರೇನು?"

ರಾಜ ಗಲಿಬಿಲಿಯಾದ. "ಇವ ಸತ್ತಾನಬೇ ಆಯಿ."

"ಸತ್ರ? ಹಿರೇರ ಅಮಾಸಿಗೆ ಮತ್ಯಾರು ಬರ್ತಾರ? ಇವನ ಹೆಸರ್ಲೆ ಎಡಿ ಇಟ್ಟೀಯೇನು?"

"ಇಲ್ಲ ಆಯಿ."

ಮುದಗಲ್‌ನ ಸಾಲಿನಿಂದ ರಾಣಿಯ ಅಜ್ಜ ಕೇಳಿದರು, "ಫಾತೇಹಾ ಓದಸೀಯೇನಪಾ?"

"ಇಲ್ರೀ."

ಶಾಮಿಯಾನದ ಆ ತುದಿಯಿಂದ ಈ ತುದಿಗೆ ಲೊಚಗುಟ್ಟುವ ಸದ್ದು ಹರಿಯಿತು. ಕೊಂದದ್ದು ರಾಜರ ವ್ಯವಹಾರ, ಅದಕ್ಕೆ ಯಾರೂ ಏನೂ ಅಂದಿರಲಿಲ್ಲ. ಎಡೆ ಇಡದೆ ತಾನು ಉಣ್ಣಲು ನಿಂತನಲ್ಲ, ಇದನ್ನು ಯಾರಿಗೂ ಸಹಿಸಲಾಗಲಿಲ್ಲ. ಸಾಹುಕಾರರ ಮಗನ ಮುಖ ಬಣ್ಣದ ಒಳಗೇ ಇಳಿಯಿತು. ಪಾಪಪ್ರಜ್ಞೆ ಅಂದರೆ ಏನು ಅಂತ ಸರ್ ವರ್ಷಪೂರ್ತಿ ಹೇಳಿದ್ದು ಅವನಿಗೆ ಆಗ ತಿಳಿಯಿತು. ತಟ್ಟೆ ತಂದು ನನ್ನ ಮುಂದಿಟ್ಟು ಬಡಿಸಿದ.

ಉಂಡೆ. ಇನ್ನೇನು ಮಾಡಲಿ. ತಟ್ಟೆ ಖಾಲಿಯಾಯಿತು, ಮತ್ತೆ ಹಾಕಿದ. ಉಣ್ಣುವವನು ಸಾಕು ಅನ್ನುವ ತನಕ ಬಡಿಸುವವನು ನಿಲ್ಲಿಸಬಾರದು, ನನಗೋ ಬಾಯಿ ಬಿಡುವಂತಿಲ್ಲ. ತಟ್ಟೆಗೆ ಕೈ ಅಡ್ಡ ಇಟ್ಟೆ. ಅಜ್ಜಿ, "ನಾಚ್ಕೋತಾನ, ಹಾಕು" ಅಂದಳು. ಕೈ ಮೇಲೇ ಹಾಕಿದ. ಮಿರ್ಚಿಯ ಖಾರಕ್ಕೆ ಕಣ್ಣಿಂದ ನೀರು ಇಳಿದು ವಿಭೂತಿಯಲ್ಲಿ ಕಾಲುವೆ ತೋಡಿತು. ಮಂದಿ, "ಪಾಪ, ಎಷ್ಟು ಹಸದಿತ್ತೋ ಜೀವ" ಅಂದು ಕಣ್ಣೊರೆಸಿಕೊಂಡರು. ಅಷ್ಟು ದುಃಖದ ದೃಶ್ಯ ನಮ್ಮ ಕಾಲೇಜು ಕಂಡಿರಲಿಲ್ಲ. ನಾನು ಗೆದ್ದಿದ್ದೆ. ಅಷ್ಟರಲ್ಲಿ ಅವನು ಇನ್ನೊಂದು ಮಿರ್ಚಿ ತಂದು ಬಾಯಿಗೇ ಹಿಡಿದ.

ನನ್ನ ಬಾಯಿ ತಾನಾಗಿಯೇ ತೆರೆಯಿತು. "ಸಾಕಲೇ ಮಾರಾಯಾ, ಇನ್ನೊಂದು ತಿಂದ್ರ ಸತ್ತೇ ಹೋಗ್ತೀನಿ."

ಶಾಮಿಯಾನದಲ್ಲಿ ಎದ್ದ ನಗು ಕಾಲುವೆ ಒಡೆದ ಹಾಗಿತ್ತು.

ನಗು ನಿಂತಾಗ ಪ್ರಿನ್ಸಿಪಾಲರು ಎದ್ದು ಸ್ಟೇಜಿಗೆ ಬರುತ್ತಿದ್ದರು. ನನ್ನ ಮುಂದೆ ನಿಂತು, ಜೇಬಿನಿಂದ ಹಾಲ್ ಟಿಕೆಟ್ ತೆಗೆದು ತಟ್ಟೆಯಲ್ಲಿ ಹೋಳಿಗೆಯ ಪಕ್ಕಕ್ಕಿಟ್ಟು, ಕೈ ಮುಗಿದರು. "ಇದು ನಿನ್ನ ಎಡಿ. ತೊಗೊಂಡು ಹೋಗಿಬಿಡು. ಮುಂದಿನ ವರ್ಷ ಮತ್ತ ಬಂದು ಕಾಡಬ್ಯಾಡ."

ಈ ಕೊನೆಯದು ಮಾತ್ರ ನಾನು ಕಟ್ಟಿದ್ದು. ಅವರು ಸ್ಟೇಜಿಗೆ ಬರಲಿಲ್ಲ, ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದರು. ಈಗ ನಾನು ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಸರ್ ನನ್ನ ಪರವಾಗಿ ಮಾತಾಡಲು ಒಳಗೆ ಹೋಗಿದ್ದಾರೆ. ಬಾಗಿಲು ಹಾಕಿದೆ. ಒಳಗೆ ಯಾರೋ ತಡೆಯಲಾರದೆ ನಗುತ್ತಿದ್ದಾರೆ. ಸರ್ ದನಿ ಸಣ್ಣದು, ಇದು ಅವರದಲ್ಲ.