ವಿಯೆನ್ನಾದಲ್ಲಿ ಕೇಳಿಸಿದ ಗೊರಕೆ

ನಮ್ಮ ಬಗ್ಗೆ ನಮಗೆ ಗೊತ್ತಿರುವುದು ಎಷ್ಟು ಕಡಿಮೆ ಎಂದು ನನಗೆ ಅರಿವಾದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಅಲ್ಲಿಯತನಕ ನನ್ನ ರಕ್ತದ ಗುಂಪು ಯಾವುದು, ಚಪ್ಪಲಿಯ ಅಳತೆ ಎಷ್ಟು, ಯಾವ ತರಕಾರಿ ಕಂಡರೆ ಆಗುವುದಿಲ್ಲ ಎಲ್ಲವೂ ಗೊತ್ತಿತ್ತು. ಇಷ್ಟು ಗೊತ್ತಿದ್ದರೆ ಮದುವೆಯ ಬಯೋಡೇಟಾ ಬರೆಯಬಹುದು. ಅಮ್ಮ ಬರೆದೂ ಇದ್ದರು. ಅದರಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿಯನ್ನು ತಿಳಿಯಲು ನಾನು ಬೆನ್ನಿಗೆ ಮೂಟೆ ಹೊತ್ತು ವಿಯೆನ್ನಾದವರೆಗೆ ಹೋಗಬೇಕಾಯಿತು.

ಜೊತೆಗೆ ಬಂದವಳು ಸುಮಿತ್ರಾ. ಇಬ್ಬರೂ ಚೆನ್ನೈನ ಶೋಳಿಂಗನಲ್ಲೂರಿನ ಒಂದೇ ಆಫೀಸಿನಲ್ಲಿದ್ದೇವೆ. ಕುಂದಾಪುರದ ಕಡೆಯವರಾದ ಅವಳ ತಂದೆಗೆ ನುಂಗಂಬಾಕ್ಕಂನಲ್ಲಿ ಸಸ್ಯಾಹಾರಿ ಹೋಟೆಲ್ ಇದೆ. ನಮ್ಮದು ಮೂರು ತಲೆಮಾರಿನಿಂದ ಪುರಸೈವಾಕ್ಕಂನಲ್ಲೇ ಬೇರುಬಿಟ್ಟ ಕನ್ನಡದ ಮನೆ. ಮೊದಲ ಮೂರು ತಿಂಗಳು ನಾವಿಬ್ಬರೂ ತಮಿಳಿನಲ್ಲೇ ಮಾತಾಡಿಕೊಂಡಿದ್ದೆವು. ಒಂದು ದಿನ ಅವಳು ಫೋನಿನಲ್ಲಿ ಅಪ್ಪನಿಗೆ "ಎಂತ ಮಾಡುದು ಈಗ?" ಎಂದದ್ದು ಕಿವಿಗೆ ಬಿದ್ದು, ಅಯ್ಯೋ ಇವಳು ನಮ್ಮವಳೇ ಎಂದು ಗೊತ್ತಾಯಿತು.

ವಿಯೆನ್ನಾದಲ್ಲಿ ನಾವು ಇಳಿದುಕೊಂಡದ್ದು ಹಾಸ್ಟೆಲಿನ ಹೆಂಗಸರ ಕೋಣೆಯಲ್ಲಿ. ಒಂದರ ಮೇಲೊಂದರಂತೆ ಮೂರು ಜೋಡಿ ಮಂಚ. ಉಳಿದ ನಾಲ್ವರು ಬೇರೆ ಬೇರೆ ದೇಶದವರು. ಮೊದಲ ದಿನ ಊರೆಲ್ಲ ಅಲೆದು ಬಂದು ಮಲಗಿದವಳಿಗೆ ಎಚ್ಚರವಾದಾಗ ಬಿಸಿಲೇರಿತ್ತು. ತಿಂಡಿಯ ಮೇಜಿನಲ್ಲಿ ಪೋಲೆಂಡಿನ ಹುಡುಗಿಯೊಬ್ಬಳು ಊದಿದ ಕಣ್ಣುಗಳಿಂದ ನಮ್ಮನ್ನೇ ನೋಡುತ್ತಿದ್ದಳು. ಕೊನೆಗೆ ತುಂಬ ಮರ್ಯಾದೆಯಿಂದ, ನಿಮ್ಮಿಬ್ಬರಲ್ಲಿ ಒಬ್ಬರು ಬಹಳ ಗಟ್ಟಿಯಾಗಿ ಗೊರಕೆ ಹೊಡೆಯುತ್ತೀರಿ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸುಮಿತ್ರಾ, "ಅದು ನಾನೇ, ಕ್ಷಮಿಸಿ" ಎಂದುಬಿಟ್ಟಳು.

ನನಗೆ ಆಘಾತವಾಯಿತು. ಇಷ್ಟು ಅಚ್ಚುಕಟ್ಟಾದ ಹುಡುಗಿ! "ನನಗಂತೂ ಏನೂ ಕೇಳಿಸಲಿಲ್ಲಪ್ಪ" ಎಂದು ಅವಳನ್ನು ಸಮಾಧಾನಪಡಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ಉಪಕಾರದ ಹುಚ್ಚು ಹತ್ತಿತು. ಅರಮನೆಯ ಮುಂದೆ ನಿಂತು ಮಗ್ಗುಲಾಗಿ ಮಲಗುವುದರ ಲಾಭ ವಿವರಿಸಿದೆ. ಟ್ರಾಮಿನಲ್ಲಿ ಪ್ರಾಣಾಯಾಮ ಕಲಿಸಿದೆ. ಔಷಧಿ ಅಂಗಡಿ ಹುಡುಕಿ, ಮೂಗಿಗೆ ಅಂಟಿಸುವ ಪಟ್ಟಿ ತೆಗೆದು ಕೊಟ್ಟೆ. "ನಾಳೆ ಮದುವೆಯಾದ ಮೇಲೆ ಕಷ್ಟ ಆಗತ್ತೆ ಕಣೇ, ಈಗಲೇ ಡಾಕ್ಟರಿಗೆ ತೋರಿಸು" ಎಂದೆ. ಅವಳು ಎಲ್ಲದಕ್ಕೂ ಹೂಂ ಎಂದಳು. ಮಲಗುವಾಗ ಆ ಪಟ್ಟಿಯನ್ನು ಮೂಗಿಗೆ ಅಂಟಿಸಿಯೂ ಕೊಂಡಳು. ಮರುದಿನ ಕೋಣೆಯ ಎರಡು ಹಾಸಿಗೆ ಖಾಲಿಯಾಗಿದ್ದವು. ನೋಡು, ನಿನ್ನಿಂದ ಪಾಪ ಅವರು ಕೋಣೆ ಬದಲಾಯಿಸಿದರು ಎಂದು ಮತ್ತೊಂದು ಸುತ್ತು ಬುದ್ಧಿ ಹೇಳಿದೆ.

ಪುರಾವೆಯಿಲ್ಲದೆ ಇವಳು ಡಾಕ್ಟರ ಹತ್ತಿರ ಹೋಗುವುದಿಲ್ಲ ಎನ್ನಿಸಿತು. ಅಂದು ಮಲಗುವ ಮುಂಚೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, "ನೀನೇ ಕೇಳು" ಎಂದು ಅದನ್ನು ಹಾಕಿದೆ.

ನೀರಿನ ಲಾರಿ ಏರಿನಲ್ಲಿ ಗೇರು ಬದಲಾಯಿಸುವಂಥ ಸದ್ದು. ಪಕ್ಕದ ಬೆಂಚಿನ ಮುದುಕರ ನಾಯಿ ಎದ್ದು ನಿಂತಿತು. ಆ ಸದ್ದಿನ ನಡುವೆಯೇ ಸುಮಿತ್ರಾಳ ಪಿಸುದನಿ ಸ್ಪಷ್ಟವಾಗಿ ಕೇಳಿಸಿತು: ಮೊದಲು ಯಾರಿಗೋ ಇಂಗ್ಲಿಷಿನಲ್ಲಿ ಕ್ಷಮೆ, ಆಮೇಲೆ "ಏ, ಸ್ವಲ್ಪ ಆಚೆ ತಿರುಗಿ ಮಲಗು ಮಾರಾಯ್ತಿ." ಮಂಚ ಕಿರುಗುಟ್ಟಿತು. ಲಾರಿ ಒಂದು ಕ್ಷಣ ನಿಂತು ಮತ್ತೆ ಹೊರಟಿತು.

ಒಬ್ಬಳೇ ಗೊರಕೆಯನ್ನೂ ಹೊಡೆದು ಮಾತನ್ನೂ ಆಡಲಾಗುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನಾ?"

ಅವಳು ತಲೆಯಾಡಿಸಿದಳು.

"ಮತ್ತೆ ನೀನ್ಯಾಕೆ ಒಪ್ಪಿಕೊಂಡೆ?"

"ನಮ್ಮದು ಹೋಟೆಲಿನ ಮನೆ ಅಲ್ವಾ? ಗಿರಾಕಿ ಸಿಟ್ಟು ಮಾಡಿದ್ರೆ ಯಾರ ತಪ್ಪು ಅಂತ ನೋಡ್ಲಿಕ್ಕೆ ಹೋಗುದಿಲ್ಲ. ಸಾರಿ ಹೇಳಿ ಬೇರೆ ಪ್ಲೇಟ್ ತಂದಿಡುದು." ಆಮೇಲೆ ಮೂಗು ಮುಟ್ಟಿಕೊಂಡು, "ಆದ್ರೆ ಆ ಪಟ್ಟಿ ಕೀಳುವಾಗ ಮಾತ್ರ ಸಿಕ್ಕಾಪಟ್ಟೆ ಉರೀತು" ಎಂದಳು. ನಾನು ಕ್ಷಮೆ ಕೇಳಿದೆ. ಅವಳು ನಕ್ಕಳು. ಆ ನಗುವಿನಲ್ಲಿ ಮೂರು ರಾತ್ರಿಯ ನಿದ್ದೆಗೇಡು ಎದ್ದು ಕಾಣುತ್ತಿತ್ತು.

ತಕ್ಷಣ ಮನೆಗೆ ಫೋನು ಮಾಡಿದೆ. "ಅಮ್ಮಾ, ನಾನು ಗೊರಕೆ ಹೊಡೀತೀನಾ?"

"ಕುರಟ್ಟೆ ತಾನೇ?" ಗೊರಕೆಗೆ ಅಮ್ಮನ ಬಾಯಲ್ಲಿ ಬರುವುದು ತಮಿಳು ಮಾತೇ. "ಚಿಕ್ಕ ವಯಸ್ಸಿಂದ ಬಿಡ್ತೀಯಲ್ಲ. ನಾನೇನೋ ಪಾಸ್‌ಪೋರ್ಟ್ ಎಲ್ಲೋ ಬಿಟ್ಟು ತೊಲೆಸಿಬಿಟ್ಟೆಯೋ ಅಂತ ಭಯಪಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತಿದ್ಯಾ? ಹುಡುಗನ ಮನೆಯೋರು ಬಂದಾಗ ನೀನೇ ಬಾಯಿಬಿಟ್ಟುಬಿಡ್ತಿದ್ದೆ, ಅಷ್ಟೆ." ಹಿಂದಿನಿಂದ ಅಪ್ಪನ ಧ್ವನಿ: "ಅದು ನಿಮ್ಮ ಕಡೆಯಿಂದ ಬಂದದ್ದು ಅಂತಾನೂ ಹೇಳು!"

ಫೋನು ಇಟ್ಟ ಮೇಲೆ ಒಂದೊಂದಾಗಿ ಹೊಳೆಯಿತು. ನಾನು ಹತ್ತಿ ಕಣ್ಣು ಮುಚ್ಚಿದ ಕೂಡಲೇ ಆಫೀಸ್ ಕ್ಯಾಬ್‌ನ ಡ್ರೈವರಣ್ಣ ಹಾಡಿನ ಸದ್ದು ಏರಿಸುತ್ತಿದ್ದ. ನಾನು ಅವರ ಮನೆಗೆ ಹೋದರೆ ಸೋದರತ್ತೆ ಹಜಾರದಲ್ಲಿ ಮಲಗುತ್ತಿದ್ದರು, ಅಲ್ಲಿ ಗಾಳಿ ಚೆನ್ನಾಗಿದೆ ಎಂದು. ಅಲ್ಲಿ ಫ್ಯಾನೇ ಇಲ್ಲ!

ಅಂದು ಸಂಜೆ ಕೋಣೆಗೆ ಹೋಗಿ, ಪೋಲೆಂಡಿನ ಹುಡುಗಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ನಮಗೆ ಎರಡನೆಯ ರಾತ್ರಿಯೇ ಗೊತ್ತಾಗಿತ್ತು, ನಿನ್ನ ಸ್ನೇಹಿತೆ ಸುಮ್ಮನಿರಿ ಎಂದಿದ್ದಳು ಎಂದಳು. ಅಲ್ಲಿಗೆ ನನ್ನ ಮಾನದ ಕೊನೆಯ ಚೂರೂ ಹೋಯಿತು. ಇನ್ನು ಯಾರಿಗೂ ತೊಂದರೆ ಕೊಡಬಾರದೆಂದು ಆ ದಿನ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಸುಮಿತ್ರಾ ಸೊಗಸಾಗಿ ನಿದ್ದೆ ಮಾಡಿದಳು, ಉಸಿರಿನ ಸದ್ದೂ ಇಲ್ಲದೆ.

ಮರುದಿನ ಮಧ್ಯಾಹ್ನ ಒಂದು ಚರ್ಚಿನಲ್ಲಿ ಪಿಟೀಲು ಕಛೇರಿಗೆ ಹೋಗಿ ಕೂತೆವು. ತಂಪು ಕತ್ತಲು, ಮೆತ್ತಗಿನ ರಾಗ. ಸುಮಿತ್ರಾ ಜೋರಾಗಿ ಚಿವುಟಿದಾಗಲೇ ನಾನು ಕಣ್ಣು ಬಿಟ್ಟದ್ದು. ಪಿಟೀಲು ನಿಂತಿತ್ತು. ಮುಂದಿನ ಸಾಲುಗಳವರೆಲ್ಲ ತಿರುಗಿ ನಮ್ಮತ್ತಲೇ ನೋಡುತ್ತಿದ್ದರು. ಏನಾಗಿದೆಯೆಂದು ನನಗೆ ತಕ್ಷಣ ಅರ್ಥವಾಯಿತು. ಎದ್ದು ನಿಂತು ಕ್ಷಮೆ ಕೇಳಬೇಕು ಎಂದೂ ಅನ್ನಿಸಿತು. ಆದರೆ ನಾನು ಮಾಡಿದ್ದು ಅದಲ್ಲ. ಮೆಲ್ಲಗೆ ಸುಮಿತ್ರಾಳ ಕಡೆ ತಿರುಗಿ, ಎಂಥ ಹುಡುಗಿಯಪ್ಪ ಇವಳು ಎಂಬಂತೆ ತಲೆಯಾಡಿಸಿದೆ.