ಇಟಲಿಯ ಬಸಪ್ಪನೂ ನನ್ನ ಹಾಫ್‌ಬ್ಯಾಕ್‌ಗಿರಿಯೂ

ಓಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ನಾನು ಮಾತ್ರ ಓಡುವವನಲ್ಲ. ನಿಜ ಹೇಳಬೇಕೆಂದರೆ ನಡೆಯುವುದರಲ್ಲೂ ಅಷ್ಟಕ್ಕಷ್ಟೇ. ಗೋಕಾಕದ ಪೇಟೆಯಲ್ಲಿ ಹೋಗುತ್ತಿರುವಾಗ ಏನೋ ಒಂದು ನೆನಪಾಗುತ್ತದೆ, ಅದಕ್ಕೆ ಇನ್ನೊಂದು ಜೋತುಕೊಳ್ಳುತ್ತದೆ, ನಡುರಸ್ತೆಯಲ್ಲಿ ಹಾಗೇ ನಿಂತುಬಿಡುತ್ತೇನೆ. ಎತ್ತಿನ ಗಾಡಿಗಳು ನನ್ನ ಎರಡೂ ಬದಿಯಿಂದ ಸಾಗಿಹೋಗುತ್ತವೆ, ಗಾಡಿಯವರು ಬೈಯುತ್ತಾರೆ, ಬೈಗುಳ ನನ್ನ ಕಿವಿಗೆ ಬೀಳುವುದು ಅವರು ತಿರುವು ದಾಟಿದ ಮೇಲೆ. ಇಂಥ ಮನುಷ್ಯ ಫುಟ್‌ಬಾಲ್ ಆಡಿ ಊರಿನ ಮಾನ ಉಳಿಸಿದ ಎಂದರೆ ನೀವು ನಂಬಲಾರಿರಿ. ನನ್ನ ಹೆಂಡತಿ ನೀಲವ್ವ ಇವತ್ತಿಗೂ ನಂಬಿಲ್ಲ.

ಆಗ ನಾನು ಹತ್ತಿಯ ಬೀಜ ಬಿಡಿಸುವ ಒಂದು ಸಣ್ಣ ಗಿರಣಿಯಲ್ಲಿ ಗುಮಾಸ್ತ. ಯುದ್ಧದ ಕಾಲ. ಗಿರಣಿಯ ಇಂಜಿನ್ನು ಕೆಟ್ಟರೆ ಪರದೇಶದಿಂದ ಬಿಡಿಭಾಗ ಬರುತ್ತಿರಲಿಲ್ಲ. ಇಟಲಿ ಸೋತು ಕೈಯೆತ್ತಿದ ಮೇಲೆ, ಈ ದೇಶದ ಶಿಬಿರಗಳಲ್ಲಿ ಸೆರೆಯಿದ್ದ ಅಲ್ಲಿನ ಸಿಪಾಯಿಗಳಲ್ಲಿ ಕೈಕೆಲಸ ಬಲ್ಲವರನ್ನು ಹೊರಗೆ ಕೆಲಸಕ್ಕೆ ಬಿಡುತ್ತಿದ್ದರಂತೆ. ನಮ್ಮ ಸಾವ್ಕಾರರು ಯಾರಿಗೋ ಹೇಳಿ, ಯಾರಿಂದಲೋ ಹೇಳಿಸಿ ಒಬ್ಬ ಮೆಕ್ಯಾನಿಕ್ಕನನ್ನು ತರಿಸಿಕೊಂಡರು. ನನ್ನನ್ನು ಕರೆದು, "ನಿಮ್ಮ ಮ್ಯಾಲಿನ ಖೋಲಿ ಖಾಲಿ ಐತೆಲ್ಲ, ಅಲ್ಲೇ ಇಟ್ಕೊಳ್ರಿ" ಎಂದರು. ನಾನು ಅದೇ ಹೊತ್ತಿಗೆ ಕಿಟಕಿಯಾಚೆ ತೇಲುತ್ತಿದ್ದ ಹತ್ತಿಯ ಎಳೆಯೊಂದನ್ನು ನೋಡುತ್ತಿದ್ದೆ. ಹೂಂ ಎಂದೆ. ಏನಕ್ಕೆ ಹೂಂ ಎಂದೆನೆಂಬುದು ಸಂಜೆ ಟ್ರಂಕು ಹೊತ್ತ ಒಬ್ಬ ಕೆಂಪು ಮನುಷ್ಯ ಮನೆ ಬಾಗಿಲಲ್ಲಿ ನಿಂತಾಗ ತಿಳಿಯಿತು.

ನಮ್ಮ ಮನೆಯ ಯಜಮಾನಿಕೆ ನನ್ನ ಸೋದರತ್ತೆ ಗಂಗವ್ವನದು. ಅವಳು ಬಂದವನನ್ನು ಮೇಲಿಂದ ಕೆಳಗೆ ನೋಡಿ, "ಹೆಸರೇನಪಾ ನಿಂದು?" ಎಂದಳು. ಅವನು ಎದೆ ಮುಟ್ಟಿಕೊಂಡು, "ಬೆಪ್ಪೆ" ಎಂದ. ಅತ್ತೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಹೆತ್ತ ತಾಯಿ ಮಗಗ ಬೆಪ್ಪ ಅಂತ ಹೆಸರ ಇಡ್ತಾಳೇನು? ಯಾರೋ ಆಗದವರು ಇಟ್ಟಿರಬೇಕು. ನಾ ಹಂಗ ಕರ್ಯಾಂಗಿಲ್ಲ. ಬಸಪ್ಪಾ ಅಂತೇನಿ. ಬಾ ತಮ್ಮಾ, ಕಾಲ ತೊಳಕೋ" ಎಂದಳು. ಅಂದಿನಿಂದ ಅವನು ಊರಿಗೆಲ್ಲ ಬಸಪ್ಪನಾದ. ಅತ್ತೆಯ ಕಡಲೆಹಿಟ್ಟಿನ ಜುಣಕ ತಿಂದು, ತನ್ನ ತಾಯಿಯೂ ಹಿಟ್ಟು ಕುದಿಸಿ ಹೀಗೆಯೇ ಮಾಡುತ್ತಿದ್ದಳೆಂದು ಕೈಸನ್ನೆಯಲ್ಲಿ ಹೇಳಿದ ಮೇಲಂತೂ ಮನೆಯಲ್ಲಿ ನನಗಿಂತ ಅವನಿಗೇ ಹೆಚ್ಚು ಮರ್ಯಾದೆ.

ಕನ್ನಡವನ್ನು ಅವನು ಕಲಿತದ್ದೆಲ್ಲ ಅತ್ತೆಯಿಂದ. ಹೀಗಾಗಿ ಆ ಆರಡಿ ಆಳು ಮಾತಾಡುತ್ತಿದ್ದುದು ಥೇಟು ಮುದುಕಿಯ ಹಾಗೆ. ಇಂಜಿನ್ನು ಹೇಗಿದೆ ಎಂದು ಸಾವ್ಕಾರರು ಕೇಳಿದಾಗ, "ಅಯ್ಯ ಯವ್ವಾ, ಸೊಂಟ ಹಿಡದೈತಿ ಇದಕ್ಕ, ಏನ್ ಮಾಡ್ಲಿ" ಎಂದು ಹಣೆಗೆ ಕೈಹಚ್ಚಿದ. ಸಾವ್ಕಾರರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ನಾವಿಬ್ಬರೂ ಮಾಳಿಗೆಯ ಮೇಲೆ ಕೂರುತ್ತಿದ್ದೆವು. ಮಳೆಗಾಲದಲ್ಲಿ ಗಾಳಿ ಈ ಕಡೆಗಿದ್ದರೆ ದೂರದಲ್ಲಿ ಹೊಳೆ ಧುಮುಕುವ ಧಬಧಬೆಯ ಸದ್ದು, ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿದ್ದಾರೇನೋ ಎಂಬಂತೆ, ಒಂದೇ ಸಮನೆ ಕೇಳುತ್ತಿತ್ತು. ಅದನ್ನು ಕೇಳುತ್ತ ಅವನು ತನ್ನ ಕಥೆ ಹೇಳಿದ. ಅವನೂರೂ ಹೊಳೆಯ ದಂಡೆಯದೇ. ಅಲ್ಲಿನ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಫುಟ್‌ಬಾಲ್ ಆಡಿದ್ದ, ಹಾಫ್‌ಬ್ಯಾಕ್ ಆಗಿ. ಎಂದರೆ ಮೈದಾನದ ನಡುವೆ ನಿಲ್ಲುವವನು. ಗೋಲು ಹೊಡೆಯುವುದು ಅವನ ಕೆಲಸವಲ್ಲ. ಎದುರು ತಂಡದಲ್ಲಿ ಎಲ್ಲರಿಗಿಂತ ಶಹಾಣ್ಯಾ ಆಟಗಾರ ಯಾರಿದ್ದಾನೋ ಅವನಿಗೆ ನೆರಳಿನಂತೆ ಅಂಟಿಕೊಂಡು, ಆತ ಏನನ್ನೂ ಮಾಡದಂತೆ ನೋಡಿಕೊಳ್ಳುವುದೇ ಇವನ ಕೆಲಸ. ಒಮ್ಮೆ ಒಬ್ಬ ದೊಡ್ಡ ಹೆಸರಿನ ಆಟಗಾರನಿಗೆ ಎಷ್ಟು ಅಂಟಿಕೊಂಡನೆಂದರೆ, ಆಟ ಮುಗಿದು ಆತ ನಲ್ಲಿಗೆ ನೀರು ಕುಡಿಯಲು ಹೋದಾಗಲೂ ಇವನು ಹಿಂದೆಯೇ ಹೋಗಿ ನಿಂತಿದ್ದನಂತೆ. ಆಮೇಲೆ ಮೊಣಕಾಲು ಕೈಕೊಟ್ಟಿತು. ಆಡುವವನು ಆಡಿಸುವವನಾದ, ಊರ ಹುಡುಗರಿಗೆ ಕಲಿಸತೊಡಗಿದ. ಅಷ್ಟರಲ್ಲಿ ಯುದ್ಧ.

"ಒಂದೂ ಗೋಲು ಹೊಡೀಲಿಲ್ಲಲ್ಲ ಬಸಪ್ಪ, ಬ್ಯಾಸರ ಆಗಲಿಲ್ಲೇನು?" ಎಂದು ಕೇಳಿದೆ. "ಯಾಕ ಬ್ಯಾಸರ?" ಎಂದ. "ದೊಡ್ಡ ದೊಡ್ಡ ಮನಶಾರ ಜೋಡಿ ಇದ್ನೆಲ್ಲಾ." ಆಮೇಲೆ ಕತ್ತಲಾಗುವವರೆಗೆ ಇಬ್ಬರೂ ಬೇರೆ ಬೇರೆ ಹೊಳೆಗಳ ಸದ್ದು ಕೇಳುತ್ತ ಕೂತಿದ್ದೆವು.

ಗಿರಣಿಯ ಹಿಂದೆ ಹತ್ತಿ ಒಟ್ಟುವ ಬಯಲಿತ್ತು. ಹತ್ತಿಯಿಲ್ಲದ ದಿನಗಳಲ್ಲಿ ಕೂಲಿಗಳೂ ಗುಮಾಸ್ತರೂ ಅಲ್ಲಿ ಚೆಂಡು ಒದೆಯುತ್ತಿದ್ದರು. ಪ್ರತಿ ಸಲ ಹುಕ್ಕೇರಿಗೆ ಹೋಗಿ ಸೋತು ಬರುತ್ತಿದ್ದರು. ಬಸಪ್ಪ ಅವರ ಕೋಚ್ ಆದ. ಅವನು ಬಯಲಿನ ನಡುವೆ ನಿಂತು, "ಲಗೂ ಬಾರೋ ತಮ್ಮಾ, ನನ್ನ ಬಂಗಾರ" ಎಂದು ಕೂಗುತ್ತಿದ್ದರೆ ಮೀಸೆ ಹೊತ್ತ ಹಮಾಲರು ನಾಚಿಕೊಂಡೇ ಓಡುತ್ತಿದ್ದರು. ಸಾವ್ಕಾರರು ಒಂದು ದಿನ ನೋಡಲು ಬಂದವರು, "ಈ ಸಲಾನೂ ಹುಕ್ಕೇರಿ ಮಂದಿ ಕೈಯಾಗ ಸೋತ್ರ ಬಯಲಿಗೆ ಬೇಲಿ ಹಾಕಸ್ತೇನಿ. ವರ್ಷಾನಗಟ್ಲೆ ಹತ್ತೀನ ಬಿದ್ದಿರ್ಲಿ" ಎಂದು ಹೇಳಿ ಹೋದರು. ಬಸಪ್ಪನ ಮುಖ ಸಣ್ಣದಾಯಿತು. ಪರದೇಶದಲ್ಲಿ ಅವನದು ಅಂತ ಇದ್ದದ್ದು ಆ ಬಯಲೊಂದೇ.

ಮರುದಿನ ಅವನು ಪೇಟೆಯಲ್ಲಿ ನನ್ನನ್ನು ಕಂಡ. ನಾನು ಎಂದಿನಂತೆ ನಡುರಸ್ತೆಯಲ್ಲಿ ನಿಂತಿದ್ದೆ. ಗಾಡಿಯೊಂದರ ಎತ್ತು ನನ್ನ ಭುಜ ಮೂಸಿ ಬದಿಗೆ ಸರಿದು ಹೋಯಿತು, ನಾನು ಅಲುಗಲಿಲ್ಲ. ಬಸಪ್ಪ ದೂರದಿಂದಲೇ ಎರಡೂ ಕೈ ಮೇಲೆತ್ತಿ, "ಯವ್ವಾ, ಸಿಕ್ಕ ನನ್ನ ಹಾಫ್‌ಬ್ಯಾಕು!" ಎಂದು ಕೂಗಿದ. ನನಗೆ ಓಡಲು ಬರುವುದಿಲ್ಲವೆಂದೆ. ಓಡುವುದು ಬೇಡ, ಹುಕ್ಕೇರಿಯ ಈರಣ್ಣನ ಹತ್ತಿರ ಇದ್ದರೆ ಸಾಕು ಎಂದ.

ತೊಂದರೆ ಶುರುವಾದದ್ದು ಇಲ್ಲಿ. ಹುಕ್ಕೇರಿ ತಂಡಕ್ಕೆ ಗೋಲು ಹೊಡೆಯುತ್ತಿದ್ದವನು ಆ ಈರಣ್ಣನೊಬ್ಬನೇ, ಮತ್ತು ಆ ಈರಣ್ಣ ನನ್ನ ಹೆಂಡತಿಯ ತಮ್ಮ. ನೀಲವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. ಬಡಿತದ ಸದ್ದು ಜೋರಾಯಿತು. "ನನ್ನ ತಮ್ಮನ ಕಾಲಿಗೆ ಏನಾರ ಆತಂದ್ರ ತವರಮನಿ ಹೊಸ್ತಿಲಾ ಹೆಂಗ ತುಳೀಲ್ರಿ ನಾ?" ಎಂದಳು. ಅತ್ತೆ ಒಲೆಯ ಆಚೆಯಿಂದ, "ಬಸಪ್ಪ ಈ ಊರಿಗೆ ಬಂದು ಕೇಳಿದ್ದ ಒಂದು. ಅದನ್ನೂ ಇಲ್ಲ ಅಂತಿಯೇನ?" ಎಂದಳು. ನಾನು ತಟ್ಟೆಯಲ್ಲಿದ್ದ ಶೇಂಗಾ ಚಟ್ನಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ ಕೂತೆ.

ಹುಕ್ಕೇರಿಯ ಬಯಲಿನಲ್ಲಿ ಆ ದಿನ ಊರಿಗೆ ಊರೇ ಸೇರಿತ್ತು. ಮುಂದಿನ ಸಾಲಿನಲ್ಲಿ ತಲೆಗೆ ಪಟಗಾ ಸುತ್ತಿಕೊಂಡು ನನ್ನ ಮಾವನವರು. ಗದರಿದರೆ ಕಟ್ಟಿದ ಎಮ್ಮೆಯೂ ಎದ್ದು ನಿಲ್ಲುವಂಥ ಗಂಟಲು. ಸೀಟಿ ಊದಿದರು. ನಾನು ಈರಣ್ಣನ ಪಕ್ಕದಲ್ಲಿ ಹೋಗಿ ನಿಂತೆ. ಅವನು ನಕ್ಕು, "ಏನ್ ಮಾಮಾ, ನೀವೂ ಆಡಾಕ ಬಂದೀರಿ?" ಎಂದ. "ಹೂಂಪಾ, ಆಡೂದೇನ್ ಬಂತು, ನಿಂದರೂದು" ಎಂದೆ. ಮಗ್ಗುಲಿನಿಂದ ನೋಡಿದರೆ ಹುಡುಗ ಸೊರಗಿದ್ದ. "ಯಾಕೋ, ಮಾರಿ ಯಾಕ ಹಂಗಾಗೇತಿ?" ಎಂದು ಕೇಳಿದೆ. ನನಗೆ ಯಾವ ಹೂಟವೂ ಇರಲಿಲ್ಲ, ಮನೆಯ ಹುಡುಗನೆಂದು ಕೇಳಿದೆ ಅಷ್ಟೇ.

ಅವನು ಚೆಂಡು ಹೋದ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಹೇಳತೊಡಗಿದ. ಅಪ್ಪ ಬೆಲ್ಲದ ಬಾಗೇವಾಡಿ ಎಂಬ ಊರಿನ ಹೆಣ್ಣು ಗೊತ್ತುಮಾಡಿದ್ದಾನೆ. ಇವನ ಮನಸ್ಸು ಮೂಡಲಗಿಯ ಬೆಲ್ಲದ ವ್ಯಾಪಾರಿಯ ಮಗಳ ಮೇಲಿದೆ. ಒಮ್ಮೆ ಅಂಗಡಿಗೆ ಹೋದಾಗ ಅವಳು ನೀರು ತಂದುಕೊಟ್ಟಿದ್ದಳು, ತಂಬಿಗೆ ಹಿಂದಕ್ಕೆ ಕೊಡುವುದನ್ನೇ ಇವನು ಮರೆತಿದ್ದ. ಹೇಳುತ್ತ ಹೇಳುತ್ತ ಅವನು ನಿಂತ, ನಾನಂತೂ ಮೊದಲೇ ನಿಂತವನು. ಸಂಜೆಯ ಬಿಸಿಲು ಬಯಲಿನ ಮೇಲೆ ಬೆಲ್ಲದ ಪಾಕದ ಹಾಗೆ ಹರಡಿತ್ತು. ಜನ ಕೂಗುವುದು, ಚೆಂಡು ಒದೆಯುವುದು ಎಲ್ಲ ಬೇರೆ ಯಾವುದೋ ಊರಿನಲ್ಲಿ ನಡೆಯುತ್ತಿರುವಂತೆ ಕೇಳುತ್ತಿತ್ತು. ಎರಡು ಸಲ ಚೆಂಡು ನಮ್ಮ ನಡುವೆಯೇ ಉರುಳಿ ಹೋಯಿತೆಂದು ಆಮೇಲೆ ನೋಡಿದವರು ಹೇಳಿದರು. "ಅಪ್ಪಗ ನೀವ ಹೇಳ್ರಿ ಮಾಮಾ, ನನ್ನ ಕೈಲಿಂದ ಆಗಾಂಗಿಲ್ಲ" ಎಂದು ಅವನು ನನ್ನ ಕೈ ಹಿಡಿದ. "ಹೇಳ್ತೇನಿ ತಗೋ" ಎಂದೆ. ಅಷ್ಟರಲ್ಲಿ ಭಾರೀ ಗದ್ದಲವಾಯಿತು. ನಮ್ಮ ಗಾಡಿ ಹೊಡೆಯುವ ಲಗಮಣ್ಣ ಗೋಲು ಹೊಡೆದಿದ್ದ. ಅದೊಂದೇ ಗೋಲು. ಗೋಕಾಕ ಗೆದ್ದಿತು.

ಬಸಪ್ಪ ಕುಂಟುತ್ತ ಬಂದು ನನ್ನನ್ನು ಎತ್ತಿಕೊಂಡ. ನನ್ನ ಅಂಗಿಯ ಹೆಗಲು ಒದ್ದೆಯಾಯಿತು. ನನಗೆ ನಾಚಿಕೆ. ನಿಜ ಹೇಳೋಣವೆಂದರೆ ಅವನ ಸಂತೋಷಕ್ಕೆ ನೀರು ಹೊಯ್ದಂತಾಗುತ್ತದೆ. ಸುಮ್ಮನಾದೆ.

ರಾತ್ರಿಯೂಟ ಮಾವನವರ ಮನೆಯಲ್ಲಿ. ಅವರು ತಟ್ಟೆಗೆ ಕೈಹಚ್ಚದೆ ಮಗನನ್ನೇ ದುರುಗುಟ್ಟಿ ನೋಡುತ್ತಿದ್ದರು. "ಕಾಲಿಗೆ ಏನ್ ಹತ್ತಿತ್ತೋ ನಿನಗ? ಯಾಕ ಓಡಲಿಲ್ಲ?" ಈರಣ್ಣ ನನ್ನತ್ತ ನೋಡಿದ. ನಾನು ಬಾಯಲ್ಲಿದ್ದ ರೊಟ್ಟಿಯನ್ನು ಹೇಗೋ ನುಂಗಿ, "ಮಾವಾರ, ಅಂವಾ ಇಲ್ಲಿ ಎಲ್ಲಿ ಅದಾನ್ರಿ, ಅವನ ಜೀಂವ ಮೂಡಲಗ್ಯಾಗ ಐತಿ" ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮಾವನವರು ಮೀಸೆ ತಿಕ್ಕಿದರು. ಕೊನೆಗೆ, "ಹಂಗಾದ್ರ ಮುಂದಿನ ಸಲಾನೂ ಸೋಲೂದ ಆತಲ್ಲ! ಗೋಕಾಕದವರ ಕಡಿಂದ ಮತ್ತ ನಗಸ್ಕೊಳ್ಳಾಕ ಆಗಾಂಗಿಲ್ಲ ನನಗ. ಮೂಡಲಗಿಗೆ ಹೇಳಿ ಕಳಸೂನು" ಎಂದರು. ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು. ಬಯಲೂ ಉಳಿಯಿತು. ನೀಲವ್ವ ಒಂದು ವಾರ ನನಗೆ ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕಿದಳು.

ಯುದ್ಧ ಮುಗಿದು ಬಸಪ್ಪನಿಗೆ ಊರಿಗೆ ಹೋಗಲು ಹುಕುಂ ಬಂತು. ಸ್ಟೇಷನ್ನಿನಲ್ಲಿ ಅತ್ತೆ ಕರದಂಟಿನ ಪೊಟ್ಟಣ ಅವನ ಮಡಿಲಲ್ಲಿಟ್ಟು, ಅವನ ತಲೆ ನೇವರಿಸುತ್ತ ನಿಂತಳು. ಅವನನ್ನು ಸುಳ್ಳಿನ ಜೊತೆ ಕಳಿಸಲು ನನಗೆ ಮನಸ್ಸಾಗಲಿಲ್ಲ. "ಬಸಪ್ಪ, ಅವತ್ತ ನಾ ಆಡಲಿಲ್ಲೋ. ಈರಣ್ಣನ ಜೋಡಿ ಮಾತಾಡಕೋತ ನಿಂತಿದ್ದೆ" ಎಂದೆ. ಅವನು ಕಿಟಕಿಯಿಂದ ಬಗ್ಗಿ ನಕ್ಕ. "ಮತ್ತ? ನಾ ಏನ್ ಮಾಡತಿದ್ದೆ ಅಂತ ತಿಳದಿ? ಆ ದೊಡ್ಡ ಆಟಗಾರ ನನಗ ತನ್ನ ಹೇಣ್ತಿ ಸಿಟ್ಟಿನ ಸುದ್ದಿ ಹೇಳಾಕತ್ತಿದ್ದ. ಮುಗೀಲಿಲ್ಲ. ಅದಕ್ಕ ನಲ್ಲಿತನಾ ಹೋದೆ." ಗಾಡಿ ಹೊರಟಿತು. ಅವನು ಕೈ ಬೀಸುತ್ತ, "ನಾ ಬರ್ತೇನವ್ವಾ" ಎನ್ನುತ್ತಿದ್ದುದು ಹೊಗೆಯೊಳಗಿನಿಂದ ಬಹಳ ದೂರದವರೆಗೆ ಕೇಳಿಸಿತು.

ಅವನ ಜಾಗಕ್ಕೆ ಸಾವ್ಕಾರರು ನನ್ನನ್ನೇ ಕೋಚ್ ಮಾಡಿದರು. ಈ ವಿದ್ಯೆಯ ಗುಟ್ಟು ಈಗ ನನ್ನೊಬ್ಬನಿಗೇ ಗೊತ್ತೆಂದು ನಾನು ಬೀಗುತ್ತಿದ್ದೆ. ಹುಕ್ಕೇರಿಯವರು ಆಡಲು ಬಂದಾಗ ಬೇರೆಯವರನ್ನು ನಂಬದೆ ನಾನೇ ನಡುವೆ ನಿಂತೆ. ಈರಣ್ಣ ಬಂದ; ಮೈ ತುಂಬಿಕೊಂಡಿದ್ದ, ಮುಖದಲ್ಲಿ ಕಳೆಯಿತ್ತು. ನಾನು ಹತ್ತಿರ ಹೋಗಿ, ದನಿಯಲ್ಲಿ ಆದಷ್ಟು ಅಂತಃಕರಣ ತುಂಬಿ, "ಏನಪಾ ಈರಣ್ಣ, ಮನ್ಯಾಗ ಎಲ್ಲಾರೂ ಹೆಂಗದೀರಿ?" ಎಂದೆ.

"ಭಾಳ ಆರಾಮ್ ಅದೀವಿ ಮಾಮಾ, ನಿಮ್ಮ ಪುಣ್ಯಾ" ಎಂದ. ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷದಲ್ಲಿ ನಾನು ನಿಂತಿದ್ದಾಗಲೇ ಅವನು ಮೊದಲನೆಯ ಗೋಲು ಹೊಡೆದು ತಿರುಗಿ ಬರುತ್ತಿದ್ದ.